ಠಾಣೆ ಸೇರಿದ ಗಾಡಿಯನ್ನು ಬಿಡಿಸಿಕೊಳ್ಳುವುದು ಹೇಗೆ?

ಗಾಡಿ ಜಪ್ತಿಯಾಯಿತು ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು ಮಹಜರ್ ನಕಲು, ಅಂದರೆ ಜಪ್ತಿ ಮಾಡುವಾಗ ಪೊಲೀಸರು ಬರೆಯುವ ದಾಖಲೆಯ ಪ್ರತಿ. ಹೆಚ್ಚಿನವರ ಹತ್ತಿರ ಇರುವುದಿಲ್ಲ. ‘ಸಾಹೇಬರು ಆಮೇಲೆ ಬಾ ಅಂದಿದ್ದಾರೆ ಮೇಡಂ’ ಅನ್ನುತ್ತಾರೆ. ಸುಮ್ನೆ ಠಾಣೆಗೆ ಅಲೆಯಬೇಡಿ. ಕೇಸಿನಲ್ಲಿ ಜಪ್ತಿಯಾದ ಗಾಡಿಯನ್ನು ಸಾಮಾನ್ಯವಾಗಿ ಬಿಡಿಸಿಕೊಳ್ಳಬೇಕಾದದ್ದು ಕೋರ್ಟಿನಿಂದ.

ಎಫ್‌ಐಆರ್‌ನ ಕ್ರೈಂ ನಂಬರ್, ಹಾಕಿರುವ ಸೆಕ್ಷನ್, ಪಿ.ಎಫ್. (ಜಪ್ತಿಯಾದ ವಸ್ತುವಿನ ಪ್ರಾಪರ್ಟಿ ಫಾರ್ಮ್) ನಂಬರ್, ಈ ಮೂರನ್ನು ಬರೆದುಕೊಳ್ಳಿ. ಆರ್‌ಸಿ, ಇನ್ಶೂರೆನ್ಸ್, ಆಧಾರ್ ಜೊತೆಗೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿಸಿ. ಅರ್ಜಿ ಈಗ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 497 ಅಥವಾ 503ರ ಕೆಳಗೆ. ಹಳಬರ ಬಾಯಲ್ಲಿ ಇನ್ನೂ ಸಿಆರ್‌ಪಿಸಿಯ 451, 457 ಅಂತಲೇ ಬರುತ್ತದೆ. ಸರ್ಕಾರಿ ವಕೀಲರು ತಕರಾರು ಹಾಕೇ ಹಾಕುತ್ತಾರೆ, ಗಾಬರಿ ಬೇಡ. ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಇಟ್ಟು ಪ್ರಯೋಜನವಿಲ್ಲ, ಬಾಂಡ್ ಬರೆಸಿಕೊಂಡು ಕೊಡಿ ಎಂದು ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಕೊಟ್ಟರೂ ಶರತ್ತು ಇರುತ್ತದೆ: ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ತಂದು ತೋರಿಸಬೇಕು. ಶ್ಯೂರಿಟಿಗೆ, ಅಂದರೆ ಜಾಮೀನು ನಿಲ್ಲುವುದಕ್ಕೆ, ಒಬ್ಬರನ್ನು ಮೊದಲೇ ಹೇಳಿಟ್ಟಿರಿ.

ಕದ್ದ ಮರ ಸಾಗಿಸುವಾಗ ಸಿಕ್ಕಿಬಿದ್ದ ಲಾರಿಯ ಕಥೆ ಬೇರೆ. ಕರ್ನಾಟಕ ಅರಣ್ಯ ಕಾಯ್ದೆಯ 71-ಎ ಪ್ರಕಾರ ಅರಣ್ಯ ಅಧಿಕಾರಿಯೇ ಅದನ್ನು ಮುಟ್ಟುಗೋಲು ಹಾಕಬಹುದು. ಡ್ರೈವರ್‌ಗೆ ಶಿಕ್ಷೆಯಾಗುವ ತನಕ ಕಾಯಬೇಕಿಲ್ಲ. ನನಗೆ ಗೊತ್ತಿರಲಿಲ್ಲ, ನನ್ನ ಕಡೆಯಿಂದ ಎಚ್ಚರಿಕೆ ವಹಿಸಿದ್ದೆ ಅಂತ ಮಾಲೀಕನೇ ಸಾಬೀತು ಮಾಡಬೇಕು. ಸಾಲ ಮಾಡಿ ಲಾರಿ ತಂದವನ ಮೇಲೆ ಇಷ್ಟು ಭಾರ ಹೇರುವುದು ಜಾಸ್ತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಟ್ರಿಪ್ ಶೀಟ್, ಬಾಡಿಗೆ ಮಾತಾಡಿದ ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ.

2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 107 ಬೇರೆ ಬಂದಿದೆ. ಅಪರಾಧದಿಂದ ಬಂದ ಆಸ್ತಿ ಅನ್ನಿಸಿದರೆ, ಎಸ್‌ಪಿ ಒಪ್ಪಿಗೆ ಪಡೆದು ಪೊಲೀಸರು ಕೋರ್ಟಿಗೆ ಹೋಗಬಹುದು. ಆರೋಪಿಗೆ ಶಿಕ್ಷೆಯಾಗುವ ಮೊದಲೇ ಆಸ್ತಿ ಅವನ ಕೈತಪ್ಪಿ ಹೋಗಬಹುದು. ಕಳ್ಳನ ದುಡ್ಡು ಮೋಸ ಹೋದವರಿಗೆ ಬೇಗ ಸೇರಲಿ ಎಂಬುದು ಒಪ್ಪುವ ಮಾತೇ. ಆದರೆ ಕಳ್ಳ ಅಂತ ಇನ್ನೂ ತೀರ್ಮಾನವೇ ಆಗಿಲ್ಲ, ಅಲ್ವಾ? ನೋಟಿಸ್ ಬಂದರೆ ಉತ್ತರಕ್ಕೆ ಸಿಗುವುದು 14 ದಿನ. ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರಯಪತ್ರ, ಅಡಿಕೆ ಮಾರಿದ ಮಂಡಿ ಪಟ್ಟಿ, ದುಡ್ಡಿನ ಮೂಲ ತೋರಿಸುವ ಪ್ರತಿಯೊಂದು ಚೀಟಿಯನ್ನೂ ವಕೀಲರಿಗೆ ಅವತ್ತೇ ಕೊಡಿ.

ಇನ್ನು ಬಿಡುಗಡೆ ಆದೇಶ ಕೈಗೆ ಬಂದ ದಿನ. ಸಹಿ ಹಾಕುವ ಮುಂಚೆ ಗಾಡಿಯನ್ನು ಸುತ್ತಲೂ ಫೋಟೊ ತೆಗೆಯಿರಿ. ಸ್ಟೆಪ್ನಿ, ಬ್ಯಾಟರಿ, ಸ್ಟೀರಿಯೊ ಇವೆಯಾ ನೋಡಿ. ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ಹಾಕಿ. ಮಹಜರ್‌ನಲ್ಲಿದ್ದದ್ದು ಈಗ ಇಲ್ಲ ಅಂದರೆ ಸಹಿಯ ಮೇಲೆಯೇ ಹಾಗಂತ ಬರೆಯಿರಿ. ಒಬ್ಬ ಮೆಕ್ಯಾನಿಕ್‌ನನ್ನೂ ಕರೆದುಕೊಂಡು ಹೋಗಿ, ಮಳೆ ಬಿಸಿಲಲ್ಲಿ ನಿಂತ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲ.