ವಾಲ್ವ್ ರೇಡಿಯೋದಲ್ಲೇ ಗಿಟಾರ್ ನುಡಿಸಬಹುದು

ಗಾಜಿನ ವಾಲ್ವ್‌ಗಳಿಂದ ನಡೆಯುವ ಹಳೆಯ ರೇಡಿಯೋದ ಹಿಂಬದಿಯಲ್ಲಿ ಗ್ರಾಮೋಫೋನ್ ಪಿಕಪ್‌ಗೆಂದು ಎರಡು ತೂತಿನ ಸಾಕೆಟ್ ಇದ್ದರೆ, ಎಲೆಕ್ಟ್ರಿಕ್ ಗಿಟಾರಿನ ಕೇಬಲ್ಲನ್ನು ಅಲ್ಲಿಗೇ ಕೊಟ್ಟು ಬ್ಯಾಂಡ್ ಗುಂಡಿಯನ್ನು ಗ್ರಾಮೋಫೋನ್ ಸ್ಥಾನವಾದ ‘ಗ್ರಾಮ್’ಗೆ ತಿರುಗಿಸಿ. ವಾಲ್ಯೂಮ್ ಗುಂಡಿಯಿಂದ ಮುಂದಕ್ಕೆ ರೇಡಿಯೋಗೂ ಸಣ್ಣ ಗಿಟಾರ್ ಆಂಪ್ಲಿಫೈಯರ್‌ಗೂ ಹೆಚ್ಚು ವ್ಯತ್ಯಾಸವಿಲ್ಲ: ಸಿಗ್ನಲ್ ಹಿಗ್ಗಿಸುವ ಟ್ರಯೋಡ್ ಎಂಬ ಒಂದು ಸಣ್ಣ ವಾಲ್ವ್, ಸ್ಪೀಕರ್ ನಡೆಸುವ ಇಎಲ್84ರಂಥ ಒಂದು ಪವರ್ ವಾಲ್ವ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್. ಗಿಟಾರಿನ ಸಿಗ್ನಲ್ ಗ್ರಾಮೋಫೋನಿನದಕ್ಕಿಂತ ಕ್ಷೀಣ. ದನಿ ಸಾಲದಿದ್ದರೆ ನಡುವೆ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಪೆಡಲ್ ಇಡಿ. ಆದರೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟುಗಳಿಗೆ, ಅಂದರೆ ಯುಎಲ್84, ಯುಸಿಎಲ್82ರಂಥ ವಾಲ್ವ್‌ಗಳಿರುವವಕ್ಕೆ, ದಯವಿಟ್ಟು ಗಿಟಾರ್ ಜೋಡಿಸಬೇಡಿ. ಅವುಗಳ ಚಾಸಿಸ್, ಅಂದರೆ ಒಳಗಿನ ಲೋಹದ ಚೌಕಟ್ಟು, ನೇರವಾಗಿ ಮನೆಯ ಕರೆಂಟಿಗೆ ಸೇರಿರುತ್ತದೆ, ಗಿಟಾರಿನ ತಂತಿ ಮುಟ್ಟಿದವರ ಜೀವವೇ ಹೋಗಬಹುದು. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟನ್ನೂ ಸೀದಾ ಹಚ್ಚಬೇಡಿ. ನಮ್ಮ ಕಲಬುರಗಿಯ ಬೇಸಿಗೆಗಳನ್ನು ಅಟ್ಟದ ಮೇಲೆ ಕಳೆದ ರೇಡಿಯೋದಲ್ಲಿ ಕಾಗದದ ಕಂಡೆನ್ಸರುಗಳ (ಕೆಪಾಸಿಟರುಗಳ) ಮೇಣ ಕರಗಿ ಚಾಸಿಸ್ ಮೇಲೆ ಹಳದಿ ಹನಿಯಾಗಿ ಕೂತಿರುತ್ತದೆ. ಅವುಗಳಲ್ಲಿ ಪವರ್ ವಾಲ್ವ್‌ನ ಗ್ರಿಡ್‌ಗೆ (ಸಿಗ್ನಲ್ ಒಳಬರುವ ತುದಿಗೆ) ಹೋಗುವ ಒಂದನ್ನಾದರೂ ಮೊದಲು ಬದಲಾಯಿಸಲೇಬೇಕು. ಅದರಿಂದ ಕರೆಂಟ್ ಸೋರಿದರೆ ವಾಲ್ವ್ ಕೆಂಪಾಗಿ ಕಾದು ಸುಡುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ 200 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು, ಹಾಗಾಗಿ ಈ ಕೆಲಸವನ್ನು ವಾಲ್ವ್ ಸೆಟ್ ಬಲ್ಲ ರಿಪೇರಿಯವರಿಂದಲೇ ಮಾಡಿಸಿ.