ಸ್ಲ್ಯಾಬ್ ಇಲ್ಲದ ಬೆಳ್ಳಿ ನಾಣ್ಯಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೊಂಡ ನನ್ನ ಅನುಭವ

ಗ್ರೇಡಿಂಗ್ (ಅಸಲಿತನವನ್ನೂ ದರ್ಜೆಯನ್ನೂ ನಿರ್ಧರಿಸುವ ಪರೀಕ್ಷೆ) ಆಗದ ದೊಡ್ಡ ಬೆಳ್ಳಿ ನಾಣ್ಯಗಳನ್ನು ಮುಖಪರಿಚಯವಿಲ್ಲದ ಮಾರಾಟಗಾರರಿಂದ ಹರಾಜಿನಲ್ಲಿ ಕೊಳ್ಳುವುದು ಜೂಜಾಟವೆಂದು ನನಗೆ ಎಚ್ಚರಿಕೆ ಹೇಳದ ಹಿರಿಯ ಸಂಗ್ರಾಹಕರು ಬಹುಶಃ ಯಾರೂ ಇಲ್ಲ. ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ಗ್ರೇಡಿಂಗ್ ಸಂಸ್ಥೆಗಳ ಸ್ಲ್ಯಾಬ್ (ಪರೀಕ್ಷಿಸಿದ ನಾಣ್ಯವನ್ನು ಚೀಟಿಯೊಡನೆ ಮುಚ್ಚಿಟ್ಟ ಪ್ಲಾಸ್ಟಿಕ್ ಪೆಟ್ಟಿಗೆ) ಇದ್ದರೆ ಮಾತ್ರ ಹಣ ಕಟ್ಟಬೇಕು, ಇಲ್ಲದಿದ್ದರೆ ಆ ಪುಟವನ್ನೇ ಮುಚ್ಚಬೇಕು ಎಂಬುದು ಅವರೆಲ್ಲರ ಒಕ್ಕೊರಲಿನ ಅಭಿಪ್ರಾಯವಾಗಿತ್ತು. ಕೆಲವು ವರ್ಷಗಳಿಂದ ನಾನು ಇದಕ್ಕೆ ತದ್ವಿರುದ್ಧವಾದ ದಾರಿಯಲ್ಲಿಯೇ ನಡೆದಿದ್ದೇನೆ. ಹೆಚ್ಚುಕಡಿಮೆ ಇನ್ನೂರು ನಾಣ್ಯಗಳು ನನ್ನ ಕೈಗೆ ಬಂದಿವೆ. ಅವುಗಳಲ್ಲಿ ನಕಲಿಯೆಂದು ಸಾಬೀತಾದವು ಹತ್ತು ಹನ್ನೆರಡನ್ನು ಮೀರಿಲ್ಲ. ನಕಲಿಗೆ ಕೊಟ್ಟ ಹಣ ಹಿಂದಿರುಗದೇ ಹೋದದ್ದು ಎರಡೋ ಮೂರೋ ಸಲ ಮಾತ್ರ. ಈಚೆಗೆ ಮೂವತ್ತರಷ್ಟು ನಾಣ್ಯಗಳನ್ನು ಗ್ರೇಡಿಂಗ್‌ಗೆ ಕಳುಹಿಸಿದಾಗ ನಾಲ್ಕೈದಕ್ಕೆ ‘ತೊಳೆದದ್ದು’ ಎಂಬ, ಬೆಲೆ ಇಳಿಸುವ ಷರಾ ಬಿತ್ತೇ ಹೊರತು, ಒಂದನ್ನೂ ನಕಲಿಯೆಂದು ತಿರಸ್ಕರಿಸಲಿಲ್ಲ. ಆ ಫಲಿತಾಂಶ ಬಂದ ಮೇಲೆ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ನಾನು ಕೈಹಾಕುವುದು ಕೆಲವೇ ಬಗೆಗಳಿಗೆ: ಮಾರ್ಗನ್ ಡಾಲರ್, ಅಮೆರಿಕದ ಟ್ರೇಡ್ ಡಾಲರ್, ಬ್ರಿಟಿಷ್ ಟ್ರೇಡ್ ಡಾಲರ್, ಸ್ಪೇನಿನ ರಾಜರ ಮುಖವಿರುವ 8 ರಿಯಾಲ್ ಮತ್ತು ಮರಿಯಾ ತೆರೇಸಾ ಥಾಲರ್. ಇವನ್ನು ಆರಿಸಿಕೊಂಡದ್ದು ಅಂದಕ್ಕಾಗಿ ಅಲ್ಲ. ಇವುಗಳ ತೂಕ ಮತ್ತು ಬೆಳ್ಳಿಯ ಅಂಶ ಗ್ರಾಮಿನ ನೂರನೆಯ ಭಾಗದವರೆಗೆ ದಾಖಲಾಗಿರುವುದರಿಂದ. ಮಾರ್ಗನ್ 26.73 ಗ್ರಾಂ, ಬ್ರಿಟಿಷ್ ಟ್ರೇಡ್ ಡಾಲರ್ 26.95, ಅಮೆರಿಕದ ಟ್ರೇಡ್ ಡಾಲರ್ 27.22. ಕೊನೆಯದರ ಮೇಲಂತೂ 420 ಗ್ರೇನ್ (ಹಳೆಯ ತೂಕದ ಅಳತೆ; ಅದೇ 27.22 ಗ್ರಾಂ), 900 ಶುದ್ಧತೆ (ಸಾವಿರದಲ್ಲಿ 900 ಪಾಲು ಬೆಳ್ಳಿ) ಎಂದು ಅಚ್ಚಿನಲ್ಲೇ ಕೊರೆದಿದೆ. ಹೀಗಿದ್ದರೂ ನಕಲಿಗಳಲ್ಲಿ ಅತಿ ಹೆಚ್ಚು ಕಾಣಸಿಗುವುದು ಅದೇ ನಾಣ್ಯ, ಮತ್ತು ನಾನು ತೂಗಿದ ನಕಲಿಗಳಲ್ಲಿ ಹೆಚ್ಚಿನವು 22ರಿಂದ 24 ಗ್ರಾಮಿನೊಳಗೆ ನಿಂತವು. ತನ್ನ ತೂಕವನ್ನು ತಾನೇ ಮೈಮೇಲೆ ಬರೆದುಕೊಂಡ ನಾಣ್ಯವನ್ನು ತಕ್ಕಡಿಗೆ ಇಡದೆ ಕೊಳ್ಳುವವರು ಇನ್ನೂ ಇದ್ದಾರೆ ಎನ್ನುವುದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

ಸ್ಲ್ಯಾಬ್ ಇದ್ದರೆ ನೆಮ್ಮದಿ ಎಂಬ ಮಾತಿಗೂ ನನ್ನಲ್ಲೊಂದು ಉತ್ತರವಿದೆ. ನಕಲು ಮಾಡುವವರು ಈಗ ಪೆಟ್ಟಿಗೆಯನ್ನೂ ಚೀಟಿಯನ್ನೂ ನಕಲು ಮಾಡುತ್ತಾರೆ, ಯಾವುದೋ ಅಸಲಿ ನಾಣ್ಯದ ಪ್ರಮಾಣ ಸಂಖ್ಯೆಯನ್ನೇ ಅದರ ಮೇಲೆ ಹಾಕುತ್ತಾರೆ. ಸಂಖ್ಯೆಯನ್ನು ಹುಡುಕಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ದಾಖಲೆಯಲ್ಲಿರುವ ಚಿತ್ರದ ಗೀರುಗಳನ್ನೂ ಕೈಯಲ್ಲಿರುವ ನಾಣ್ಯದ ಗೀರುಗಳನ್ನೂ ಒಂದೊಂದಾಗಿ ಹೋಲಿಸದೆ ಸ್ಲ್ಯಾಬನ್ನು ನಂಬುವುದಕ್ಕಿಂತ, ಸ್ಲ್ಯಾಬ್ ಇಲ್ಲದ ನಾಣ್ಯವನ್ನು ತೂಗಿ ಅಳೆದು ನಂಬುವುದು ಮೇಲು ಎಂಬುದು ನನ್ನ ದೃಢವಾದ ನಿಲುವು. ಹಣದ ಲೆಕ್ಕವೂ ಅದನ್ನೇ ಹೇಳುತ್ತದೆ: ಒಂದೇ ದರ್ಜೆಯ ನಾಣ್ಯಕ್ಕೆ ಸ್ಲ್ಯಾಬ್ ಇದ್ದಾಗ ನೂರು ಕೊಡಬೇಕಾದಲ್ಲಿ, ಇಲ್ಲದಾಗ ನಾನು ಸರಾಸರಿ ಅರವತ್ತೈದರಿಂದ ಎಪ್ಪತ್ತರವರೆಗೆ ಕೊಟ್ಟಿದ್ದೇನೆ.

ಬಿಡ್ ಮಾಡುವುದಕ್ಕೆ ಮೊದಲು ಮಾರಾಟಗಾರರಿಂದ ನಾನು ಎರಡು ಚಿತ್ರಗಳನ್ನು ಕೇಳುತ್ತೇನೆ: ತಕ್ಕಡಿಯ ಮೇಲೆ ಅಂಕಿ ಕಾಣುವಂತೆ ಇಟ್ಟ ನಾಣ್ಯದ್ದು ಒಂದು, ಅಂಚಿನದು ಮತ್ತೊಂದು. ಆರಂಭದಲ್ಲಿ ಇದು ವಿಫಲವಾಗುತ್ತಿತ್ತು. ಹತ್ತು ಜನರನ್ನು ಕೇಳಿದರೆ ಐದಾರು ಮಂದಿ ಉತ್ತರವನ್ನೇ ಕೊಡುತ್ತಿರಲಿಲ್ಲ. ಒಬ್ಬಿಬ್ಬರು ಸಿಟ್ಟಾಗಿ ನನ್ನನ್ನು ಬಿಡ್ ಮಾಡದಂತೆ ತಡೆಹಿಡಿದರು. ಕೇಳುವ ಕ್ರಮವನ್ನು ಬದಲಿಸಿದ ಮೇಲೆ ಉತ್ತರಿಸುವವರ ಸಂಖ್ಯೆ ದುಪ್ಪಟ್ಟಾಯಿತು. ಆ ಸಂದೇಶದ ಒಕ್ಕಣೆಯನ್ನು ಇಲ್ಲಿ ಕೊಡುವುದಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಕಳುಹಿಸತೊಡಗಿದರೆ ಅದರ ಗುಣ ಉಳಿಯುವುದಿಲ್ಲ. ಅಂಚಿನ ಚಿತ್ರದಿಂದ ಎಷ್ಟು ಲಾಭವಿದೆ ಎಂಬುದಕ್ಕೆ 8 ರಿಯಾಲ್ ಒಳ್ಳೆಯ ಉದಾಹರಣೆ. ಅದರ ಅಂಚಿನ ವೃತ್ತ ಮತ್ತು ಆಯತಗಳ ಸಾಲನ್ನು ಎರಡು ಪಟ್ಟಿಗಳ ನಡುವೆ ಉರುಳಿಸಿ ಒತ್ತುತ್ತಿದ್ದರಿಂದ, ಅಸಲಿಯಲ್ಲಿ ಎದುರುಬದುರಾದ ಎರಡು ಜಾಗಗಳಲ್ಲಿ ವಿನ್ಯಾಸ ಒಂದರ ಮೇಲೊಂದು ಏರಿರುತ್ತದೆ. ನಕಲಿಯಲ್ಲಿ ಆ ಏರಿಕೆ ಸಾಮಾನ್ಯವಾಗಿ ಇರುವುದಿಲ್ಲ. ಎರಕದ ನಕಲಿಯಾದರೆ ಸುತ್ತಲೂ ಉಜ್ಜಿ ಮರೆಮಾಚಿದ ಒಂದು ಬೆಸುಗೆಯ ಗೆರೆ ಕಾಣುತ್ತದೆ.

ಅಚ್ಚು ಒತ್ತಿದ ನಕಲಿಗಳು ಇದಕ್ಕಿಂತ ಕಠಿಣ. ಅವುಗಳ ಅಚ್ಚನ್ನು ಯಾವುದೋ ಒಂದು ಅಸಲಿ ನಾಣ್ಯದಿಂದಲೇ ತೆಗೆದಿರುವುದರಿಂದ, ಆ ಮೂಲ ನಾಣ್ಯದ ಮೇಲಿದ್ದ ಗೀರು, ತಗ್ಗುಗಳೆಲ್ಲ ಪ್ರತಿಯೊಂದು ನಕಲಿಯಲ್ಲಿಯೂ ಅದೇ ಜಾಗದಲ್ಲಿ ಮೂಡುತ್ತವೆ. ಆದ್ದರಿಂದ ನಾನು ಸಂಶಯ ಬಂದ ಪ್ರತಿಯೊಂದು ಹರಾಜಿನ ಚಿತ್ರವನ್ನೂ ಇಳಿಸಿಕೊಂಡು, ಇಸವಿ ಮತ್ತು ಟಂಕಸಾಲೆಯ ಪ್ರಕಾರ ಜೋಡಿಸಿ ಇಟ್ಟಿದ್ದೇನೆ. ಈಗ ಅವು ಸಾವಿರವನ್ನು ದಾಟಿರಬಹುದು. ಇಬ್ಬರು ಬೇರೆ ಬೇರೆ ಮಾರಾಟಗಾರರ ನಾಣ್ಯಗಳಲ್ಲಿ ಕೆನ್ನೆಯ ಮೇಲೆ ಅದೇ ಗೀರು, ನಕ್ಷತ್ರದ ಪಕ್ಕದಲ್ಲಿ ಅದೇ ಚುಕ್ಕೆ ಕಂಡರೆ ಮತ್ತೊಂದು ಪುರಾವೆ ನನಗೆ ಬೇಕಾಗುವುದಿಲ್ಲ. ಈ ಚಿತ್ರಸಂಗ್ರಹವೇ ನನ್ನ ಪದ್ಧತಿಯ ಬೆನ್ನೆಲುಬು, ಮತ್ತು ಇದನ್ನು ನೋಡಿದ ಮೇಲೆ ನನ್ನನ್ನು ಟೀಕಿಸುತ್ತಿದ್ದ ಒಬ್ಬ ಹಿರಿಯರು ತಮ್ಮ ನಾಣ್ಯಗಳ ಚಿತ್ರಗಳನ್ನು ನನಗೆ ಕಳುಹಿಸಿ ಅಭಿಪ್ರಾಯ ಕೇಳತೊಡಗಿದ್ದಾರೆ.

ನಾಣ್ಯ ಕೈಸೇರಿದ ಮೇಲೆ ಮಾಡುವುದು ಸಾಂದ್ರತೆಯ ಪರೀಕ್ಷೆ. 0.01 ಗ್ರಾಮಿನವರೆಗೆ ತೋರಿಸುವ ಚಿಕ್ಕ ತಕ್ಕಡಿ, ನೀರಿನ ಲೋಟ, ಸಣ್ಣ ದಾರ ಇದ್ದರೆ ಸಾಕು. 90% ಬೆಳ್ಳಿಯ ಮಾರ್ಗನ್ ನೀರಿನಲ್ಲಿ ಸುಮಾರು 2.6 ಗ್ರಾಂ ಕಳೆದುಕೊಳ್ಳುತ್ತದೆ, ಅಂದರೆ ಸಾಂದ್ರತೆ 10.3ರ ಆಸುಪಾಸು ಬರಬೇಕು. ಹಿತ್ತಾಳೆಯ ಮೇಲೆ ಬೆಳ್ಳಿ ಲೇಪಿಸಿದ್ದರೆ ಅದು 8.5ರ ಹತ್ತಿರಕ್ಕೆ ಇಳಿಯುತ್ತದೆ. ಮೊದಮೊದಲು ನನಗೆ ಅಸಲಿ ನಾಣ್ಯಗಳಿಗೂ 9.8, 9.9 ಬರುತ್ತಿತ್ತು. ಅಂಚಿನ ಗೆರೆಗಳಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳೇ ಕಾರಣವೆಂದು ಗೊತ್ತಾದ ಮೇಲೆ, ನೀರಿಗೆ ಒಂದು ಹನಿ ಸೋಪಿನ ದ್ರಾವಣ ಸೇರಿಸಿದೆ; ಅಂದಿನಿಂದ ಅಂಕಿಗಳು ಸರಿಹೋದವು. ಆಯಸ್ಕಾಂತದ ಪರೀಕ್ಷೆಯನ್ನು ಬಹಳ ಮಂದಿ ನೆಚ್ಚಿಕೊಂಡಿದ್ದಾರೆ, ಆದರೆ ತಾಮ್ರವೂ ಹಿತ್ತಾಳೆಯೂ ಆಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಅದು ಕಬ್ಬಿಣದ ನಕಲಿಯನ್ನಷ್ಟೇ ಹಿಡಿಯುತ್ತದೆ.

ನಾಣ್ಯವನ್ನು ತಟ್ಟಿದಾಗ ಬರುವ ನಾದವನ್ನು ಫೋನಿನಲ್ಲಿ ಮುದ್ರಿಸಿ, ಅದರ ಆವರ್ತನವನ್ನು ಹೋಲಿಸುವ ಪ್ರಯೋಗಕ್ಕೂ ಕೆಲವು ತಿಂಗಳು ಹೋದವು. ನಾದವು ದಪ್ಪ ಮತ್ತು ವ್ಯಾಸವನ್ನು ಅವಲಂಬಿಸಿರುವುದರಿಂದ, ಸವೆದ ನಾಣ್ಯಗಳ ಅಂಕಿಗಳು ಒಂದರಿಂದೊಂದು ದೂರ ಸರಿದು, ಯಾವ ತೀರ್ಮಾನಕ್ಕೂ ಬರಲಾಗಲಿಲ್ಲ. ಎರಡು ತಗಡುಗಳನ್ನು ಬೆಸೆದು ಮಾಡಿದ ನಕಲಿಯ ಮಂಕು ದನಿಯನ್ನು ಗುರುತಿಸುವುದಕ್ಕೆ ಮಾತ್ರ ಈಗ ಅದನ್ನು ಬಳಸುತ್ತೇನೆ. ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಥಾಲರ್‌ಗಳ ವಿಂಗಡಣೆ. ಮರಿಯಾ ತೆರೇಸಾ ತೀರಿಕೊಂಡ 1780ರ ಇಸವಿಯನ್ನೇ ಹೊತ್ತು, 28.07 ಗ್ರಾಂ ತೂಕದಲ್ಲಿ ಆ ನಾಣ್ಯ ವಿಯೆನ್ನಾ, ರೋಮ್, ಲಂಡನ್, ಬಾಂಬೆ ಮೊದಲಾದ ಟಂಕಸಾಲೆಗಳಲ್ಲಿ ಬಹುಕಾಲ ಅಚ್ಚಾಯಿತು. ಭುಜದ ಪದಕದ ಮುತ್ತುಗಳು, ಹದ್ದಿನ ಬಾಲದ ಗರಿಗಳು ಮುಂತಾದ ಚಿಕ್ಕ ವ್ಯತ್ಯಾಸಗಳಿಂದ ಅವನ್ನು ಬೇರ್ಪಡಿಸಬಹುದು. ಮಾರಾಟಗಾರರು ಎಲ್ಲವನ್ನೂ ಒಂದೇ ರಾಶಿಯಾಗಿ, ಬರಿಯ ಬೆಳ್ಳಿಯ ಬೆಲೆಗೆ ಸ್ವಲ್ಪ ಮೇಲೆ ಇಡುವುದರಿಂದ, ಚಿತ್ರವನ್ನು ದೊಡ್ಡದು ಮಾಡಿ ನೋಡುವ ತಾಳ್ಮೆಯುಳ್ಳವರಿಗೆ ಅಲ್ಲಿ ಈಗಲೂ ಅವಕಾಶವಿದೆ. ಯಾವ ಗುರುತು ಹೆಚ್ಚು ಲಾಭ ತಂದಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇರಿಸಿಕೊಳ್ಳುತ್ತೇನೆ.

ಬಿಡ್ ವಿಚಾರದಲ್ಲಿ ನನ್ನ ನಿಯಮ ಸರಳವಾದುದು. ಚಿತ್ರದಲ್ಲಿ ಕಾಣುವ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆಯ ಬೆಲೆಯನ್ನು ಹಿಡಿದು, ಅದರಿಂದ ಸಾಗಣೆ, ಸುಂಕ ಮತ್ತು ಹಣ ಪರಿವರ್ತನೆಯ ಖರ್ಚನ್ನು ಕಳೆದು, ಉಳಿದ ಮೊತ್ತವನ್ನು ಕೊನೆಯ ಆರೇಳು ಸೆಕೆಂಡುಗಳಲ್ಲಿ ಒಂದೇ ಸಲ ಹಾಕುತ್ತೇನೆ. ಗೆದ್ದವರು ಕೊಡುವುದು ಎರಡನೆಯ ಗರಿಷ್ಠ ಬಿಡ್‌ಗಿಂತ ಒಂದು ಹಂತ ಮೇಲಿನ ಮೊತ್ತವನ್ನಾದ್ದರಿಂದ, ಎಲ್ಲರೂ ಹಾಕುವ ದುಂಡು ಅಂಕಿಯನ್ನು ಸ್ವಲ್ಪ ಮೀರಿದ ಮೊತ್ತವೇ ಎಷ್ಟೋ ಬಾರಿ ಗೆಲ್ಲಿಸಿದೆ. ಹೀಗೆ ಮಾಡಿದಾಗ ಹತ್ತರಲ್ಲಿ ಏಳೆಂಟು ಹರಾಜುಗಳನ್ನು ಸೋಲುತ್ತೇವೆ, ಸೋಲಲೇಬೇಕು. ಸೋತ ಮರುದಿನವೇ ಅದೇ ನಾಣ್ಯ ನನ್ನ ಗರಿಷ್ಠ ಮೊತ್ತಕ್ಕೆ ‘ಎರಡನೆಯ ಅವಕಾಶ’ ಎಂದು ಬಂದರೆ, ಮಾರಾಟಗಾರನ ಕಡೆಯವರೇ ಬೆಲೆ ಏರಿಸಿದ್ದರೆಂಬ ಅನುಮಾನದಿಂದ ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತೇನೆ.

ಹಣ ಪಾವತಿಯಲ್ಲಿ ನಾನು ಯಾವ ರಿಯಾಯಿತಿಗೂ ಸೋಲುವುದಿಲ್ಲ. ಶುಲ್ಕ ಉಳಿಸೋಣ, ಸ್ನೇಹಿತರಿಗೆ ಕಳುಹಿಸುವಂತೆ ಕಳುಹಿಸಿ, ಐದು ಶೇಕಡಾ ಬಿಡುತ್ತೇನೆ ಎನ್ನುವವರು ಬಹಳ. ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯಲ್ಲಿ ಆ ಬಗೆಯ ವೈಯಕ್ತಿಕ ಪಾವತಿಗೆ ಖರೀದಿದಾರರ ರಕ್ಷಣೆ ಇಲ್ಲ. ಸರಕಿನ ಪಾವತಿಯಾದರೆ ತಕರಾರು ಸಲ್ಲಿಸಲು 180 ದಿನಗಳ ಅವಧಿ ಇದೆ. ಬ್ಯಾಂಕಿಗೆ ನೇರವಾಗಿ ಹಾಕಿದ ಹಣವನ್ನು ಮರಳಿ ಪಡೆಯುವುದು ಇನ್ನೂ ಕಷ್ಟ. ಆದ್ದರಿಂದ ಐದು ಶೇಕಡಾ ರಿಯಾಯಿತಿಯನ್ನು ನಾನು ವಿಮೆಯ ಕಂತು ಎಂದೇ ಲೆಕ್ಕ ಹಾಕಿ ಬಿಟ್ಟುಕೊಡುತ್ತೇನೆ. ಮಿತಿ ನಿಗದಿಪಡಿಸಿದ ಪ್ರತ್ಯೇಕ ವರ್ಚುವಲ್ ಕಾರ್ಡ್ ಒಂದನ್ನು ನಾಣ್ಯಗಳಿಗಾಗಿಯೇ ಇಟ್ಟಿದ್ದೇನೆ. ಪರದೇಶದ ಹಣದಲ್ಲಿ ಪಾವತಿಸುವಾಗ ಪರಿವರ್ತನೆಯನ್ನು ಪಾವತಿ ಸೇವೆಗೆ ಬಿಡದೆ, ಮಾರಾಟಗಾರನ ಹಣದಲ್ಲೇ ಕಟ್ಟಿ ಕಾರ್ಡಿನ ಕಡೆ ಪರಿವರ್ತನೆ ಆಗುವಂತೆ ಆಯ್ಕೆ ಮಾಡಿಕೊಂಡೆ. ನನ್ನ ಕಾರ್ಡಿನ ಮಟ್ಟಿಗೆ ಇದರಿಂದ ನೂರಕ್ಕೆ ಎರಡು, ಎರಡೂವರೆಯಷ್ಟು ಉಳಿಯಿತು. ವರ್ಷದ ಕೊನೆಯಲ್ಲಿ ಲೆಕ್ಕ ತೆಗೆದರೆ ಈ ಉಳಿತಾಯದಲ್ಲೇ ಎರಡು ಮೂರು ಒಳ್ಳೆಯ ಥಾಲರ್‌ಗಳು ಬಂದಿರುತ್ತವೆ.

ತಕರಾರುಗಳಲ್ಲಿ ನನಗೆ ಅತ್ಯಂತ ಕಷ್ಟ ಕೊಟ್ಟದ್ದು ನಕಲಿ ನಾಣ್ಯವಲ್ಲ, ಬಾರದ ನಾಣ್ಯ. ಒಬ್ಬ ಮಾರಾಟಗಾರ ನನ್ನ ಊರಿನ ಮತ್ತಾವುದೋ ವಿಳಾಸಕ್ಕೆ ಖಾಲಿ ಲಕೋಟೆಯೊಂದನ್ನು ಕಳುಹಿಸಿ, ಅದರ ಟ್ರ್ಯಾಕಿಂಗ್ ಸಂಖ್ಯೆಯನ್ನು ನನ್ನ ಖರೀದಿಗೆ ಜೋಡಿಸಿದ್ದ. ‘ತಲುಪಿಸಲಾಗಿದೆ’ ಎಂಬ ಒಂದೇ ಸಾಲಿನ ಮೇಲೆ ನನ್ನ ತಕರಾರನ್ನು ಮುಚ್ಚಿದರು. ಅಂಚೆ ದಾಖಲೆಯಲ್ಲಿ ಲಕೋಟೆಯ ತೂಕ ಹತ್ತು ಹನ್ನೆರಡು ಗ್ರಾಂ ಎಂದು ನಮೂದಾಗಿತ್ತು. ನಾಣ್ಯವೊಂದೇ 27 ಗ್ರಾಂ ಇರುವಾಗ ಅದು ಆ ಲಕೋಟೆಯಲ್ಲಿ ಇರುವುದು ಸಾಧ್ಯವೇ ಇಲ್ಲ ಎಂಬ ಒಂದು ವಾಕ್ಯದ ಮೇಲ್ಮನವಿ ಬರೆದೆ. ಸುಮಾರು ಎರಡು ತಿಂಗಳ ಮೇಲೆ ಪೂರ್ತಿ ಹಣ ಹಿಂದೆ ಬಂತು. ಅಂದಿನಿಂದ ಪೊಟ್ಟಣ ಬಂದ ಕೂಡಲೇ ಬಿಚ್ಚದೆ ಅದರ ತೂಕವನ್ನೂ, ಬಿಚ್ಚುವುದರಿಂದ ಹಿಡಿದು ನಾಣ್ಯ ತಕ್ಕಡಿಗೇರುವವರೆಗಿನ ಎಲ್ಲವನ್ನೂ ಕತ್ತರಿಸದ ಒಂದೇ ವಿಡಿಯೋದಲ್ಲಿ ಹಿಡಿಯುತ್ತೇನೆ. ನಕಲಿಯ ತಕರಾರಿನಲ್ಲಿ ‘ನಕಲಿ ಎನಿಸುತ್ತದೆ’ ಎಂದು ಬರೆದರೆ ಯಾರೂ ಕೇಳುವುದಿಲ್ಲ; ದಾಖಲಿತ ತೂಕ, ಬಂದ ತೂಕ, ಸಾಂದ್ರತೆ, ಅದೇ ಗೀರಿರುವ ಮತ್ತೊಂದು ನಾಣ್ಯದ ಚಿತ್ರ, ಈ ನಾಲ್ಕನ್ನು ಒಂದೇ ಹಾಳೆಯಲ್ಲಿ ಕೊಟ್ಟರೆ ಹೆಚ್ಚಿನವು ಎರಡು ವಾರದೊಳಗೆ ಇತ್ಯರ್ಥವಾಗಿವೆ. ಪಾವತಿ ಸೇವೆಯಲ್ಲಿ ತಕರಾರು ನಡೆಯುತ್ತಿರುವಾಗಲೇ ಕಾರ್ಡ್ ಬ್ಯಾಂಕಿನಲ್ಲಿಯೂ ಹಣ ವಾಪಸಿಗೆ ಅರ್ಜಿ ಹಾಕಬಾರದು. ಮೊದಲನೆಯದು ಅಲ್ಲಿಗೇ ನಿಲ್ಲುತ್ತದೆ. ಬ್ಯಾಂಕಿನ ದಾರಿಯನ್ನು ನಾನು ಕೊನೆಗೆ ಉಳಿಸಿಕೊಳ್ಳುತ್ತೇನೆ, ಆದರೆ ಅದರ ಗಡುವು ಮೀರದಂತೆ ದಿನಾಂಕವನ್ನು ಗುರುತು ಹಾಕಿಟ್ಟಿರುತ್ತೇನೆ.

ಸಾಗಣೆಯ ಬಗ್ಗೆ ಒಂದೇ ಮಾತು. ಸುಂಕ ತಪ್ಪಿಸಲು ಪೊಟ್ಟಣದ ಮೇಲೆ ‘ಉಡುಗೊರೆ’ ಎಂದೋ ಕಡಿಮೆ ಬೆಲೆಯೆಂದೋ ಬರೆಯುತ್ತೇನೆ ಎನ್ನುವ ಮಾರಾಟಗಾರರಿಗೆ ನಾನು ಬೇಡವೆಂದೇ ಬರೆಯುತ್ತೇನೆ. ಅದು ಸುಳ್ಳು ಘೋಷಣೆ ಎಂಬುದು ಒಂದು. ಪೊಟ್ಟಣ ಕಳೆದರೆ ಪರಿಹಾರವೂ ಆ ಘೋಷಿತ ಬೆಲೆಗೇ ನಿಲ್ಲುತ್ತದೆ ಎಂಬುದು ಇನ್ನೊಂದು. ನಾಣ್ಯಗಳನ್ನು ವಿಮೆಯಿಲ್ಲದ ಸಾಮಾನ್ಯ ಲಕೋಟೆಯಲ್ಲಿ ಕಳುಹಿಸಲು ಅನೇಕ ದೇಶಗಳ ಅಂಚೆ ನಿಯಮಗಳೇ ಅವಕಾಶ ಕೊಡುವುದಿಲ್ಲ, ಆದ್ದರಿಂದ ವಿಮೆಯ ಖರ್ಚನ್ನು ನಾನೇ ಕೊಡುತ್ತೇನೆಂದು ಬಿಡ್‌ಗೆ ಮೊದಲೇ ತಿಳಿಸುತ್ತೇನೆ. ಎಲ್ಲ ಖರ್ಚು, ತೊಳೆದ ನಾಣ್ಯಗಳ ಮೇಲಿನ ನಷ್ಟ, ಹಿಂದಿರುಗದ ಹಣ, ಗ್ರೇಡಿಂಗ್ ಶುಲ್ಕ ಎಲ್ಲವನ್ನೂ ಸೇರಿಸಿದರೆ ನೂರಕ್ಕೆ ಹದಿನೈದು ಹದಿನಾರು ಮೇಲೆ ಬೀಳುತ್ತದೆ. ಅಂದರೆ ಎಪ್ಪತ್ತಕ್ಕೆ ಕೊಂಡದ್ದು ನನಗೆ ಎಂಬತ್ತೊಂದಕ್ಕೆ ಬಿದ್ದಂತೆ, ಸ್ಲ್ಯಾಬ್ ಇರುವ ಅದೇ ನಾಣ್ಯವಾದರೆ ನೂರು. ಮುಂದಿನ ಕಂತಿನಲ್ಲಿ ಗ್ರೇಡಿಂಗ್‌ಗೆ ಹೋಗಲಿರುವುದು ಅಂಗಡಿಕಾರರ ಚಾಪ್ ಗುರುತುಗಳಿರುವ (ಬೆಳ್ಳಿ ಅಸಲಿಯೆಂದು ಪರೀಕ್ಷಿಸಿ ಅವರು ಒತ್ತುತ್ತಿದ್ದ ಸಣ್ಣ ಮುದ್ರೆಗಳು) ಟ್ರೇಡ್ ಡಾಲರ್‌ಗಳು. ಅವುಗಳ ಗುರುತುಗಳನ್ನೂ ಈಗ ನಕಲು ಮಾಡುತ್ತಿರುವುದರಿಂದ, ಚಿತ್ರಸಂಗ್ರಹದಲ್ಲಿ ಅವಕ್ಕೊಂದು ಪ್ರತ್ಯೇಕ ವಿಭಾಗವನ್ನು ತೆರೆದಿದ್ದೇನೆ.