ದೋಣಿ ಟ್ರೇಲರಿಗೆ ದೀಪ ಹಾಕುವಾಗ ಮೊದಲು ಬಿಳಿ ವೈರನ್ನು ನೋಡಿ

ಮುಸ್ಸಂಜೆಯಲ್ಲಿ ದೋಣಿಯನ್ನು ಎಳೆದುಕೊಂಡು ಮನೆಗೆ ಮರಳುತ್ತಿದ್ದಾಗ ಹಿಂದಿನ ಲಾರಿಯವರು ಬಿಡದೆ ಹಾರನ್ ಹೊಡೆಯತೊಡಗಿದರು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹೆಂಡತಿಗೆ ಬ್ರೇಕ್ ಒತ್ತಲು ಹೇಳಿ ಹಿಂದೆ ಹೋಗಿ ನೋಡಿದೆ. ಬ್ರೇಕ್ ದೀಪ ಉರಿಯಬೇಕಾದ ಜಾಗದಲ್ಲಿ ಇದ್ದೂ ಇಲ್ಲದಂಥ ಕೆಂಪು ಕಿಡಿ. ಎಡ ಇಂಡಿಕೇಟರ್ ಹಾಕಿಸಿದರೆ ಹಿಂಬದಿಯ ದೀಪಗಳೆಲ್ಲ ಅದರ ತಾಳಕ್ಕೆ ಮಂಕಾಗಿ ಮಿನುಗುತ್ತಿದ್ದವು. ಬಲ್ಬ್ ಹೋಗಿರಬೇಕೆಂದು ಎರಡನ್ನೂ ಬದಲಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಮರುದಿನ ಟ್ರೇಲರಿನ ಮೂತಿಯ ಬಳಿ ಚೌಕಟ್ಟಿಗೆ ಬಿಗಿದಿದ್ದ ಬಿಳಿ ವೈರಿನ ಬೋಲ್ಟ್ ಬಿಚ್ಚಿದಾಗ, ತುದಿಯ ಉಂಗುರದಿಂದ ಹಸಿರು ಪುಡಿ ಅಂಗೈ ಮೇಲೆ ಉದುರಿತು. ಬಲ್ಬುಗಳಲ್ಲಿ ದೋಷವೇ ಇರಲಿಲ್ಲ. ವಿದ್ಯುತ್ತು ಮರಳುವ ದಾರಿ ಕಟ್ಟಿಹೋಗಿದ್ದರಿಂದ ಅದು ಬೇರೆ ಬಲ್ಬುಗಳ ತಂತಿಯೊಳಗೆ ನುಗ್ಗಿ ಹೊರಬರಲು ಹವಣಿಸುತ್ತಿತ್ತು.

ಅಂದಿನಿಂದ ಯಾರ ಟ್ರೇಲರ್ ದೀಪ ಕೆಟ್ಟರೂ ಮೊದಲು ಅರ್ಥಿಂಗ್, ಅಂದರೆ ವಿದ್ಯುತ್ತು ಮರಳುವ ಈ ಬಿಳಿ ವೈರಿನ ದಾರಿ ನೋಡುತ್ತೇನೆ. ಒಂದು ದೀಪ ಹಾಕಿದರೆ ಇನ್ನೊಂದು ಮಿನುಗುತ್ತದೆ, ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ ಎಂದರೆ ಹೆಚ್ಚಾಗಿ ಅದೇ ಕಾರಣ.

ಹಲವು ಟ್ರೇಲರುಗಳಲ್ಲಿ ಬಿಳಿ ವೈರನ್ನು ಮುಂಭಾಗದಲ್ಲಿ ಚೌಕಟ್ಟಿಗೆ ಬಿಗಿದು, ಉಳಿದ ದಾರಿಯನ್ನು ಕಬ್ಬಿಣಕ್ಕೇ ಬಿಟ್ಟಿರುತ್ತಾರೆ. ಒಣ ಸರಕು ಸಾಗಿಸುವ ಗಾಡಿಗೆ ಅದು ಸಾಕಾಗಬಹುದು. ನೀರಿಗಿಳಿಯುವ ಟ್ರೇಲರಿಗೆ ಸಾಲದು. ಚೌಕಟ್ಟಿನ ಪ್ರತಿ ಬೋಲ್ಟ್, ಪ್ರತಿ ಕೀಲು ತುಕ್ಕು ಹಿಡಿಯುವ ಜಾಗ. ಲೆಕ್ಕ ಹಾಕಿ ನೋಡಿ: 21 ವ್ಯಾಟಿನ ಎರಡು ಬ್ರೇಕ್ ಬಲ್ಬ್, 21 ವ್ಯಾಟಿನ ಒಂದು ಇಂಡಿಕೇಟರ್, 5 ವ್ಯಾಟಿನ ಎರಡು ಹಿಂಬದಿ ಬಲ್ಬ್ ಒಟ್ಟಿಗೆ ಉರಿದರೆ 73 ವ್ಯಾಟ್. 12 ವೋಲ್ಟಿನಲ್ಲಿ ಅದು ಸುಮಾರು 6 ಆಂಪಿಯರ್. ಬೇರೆ ಬೇರೆ ವೈರುಗಳಲ್ಲಿ ಬಂದ ಅಷ್ಟೂ ವಿದ್ಯುತ್ತು ಮರಳುವುದು ಒಂದೇ ಬಿಳಿ ವೈರಿನಲ್ಲಿ. ಆದ್ದರಿಂದ ಉಳಿದವುಗಳಿಗಿಂತ ದಪ್ಪನೆಯ ಬಿಳಿ ವೈರನ್ನು ಪ್ಲಗ್ಗಿನಿಂದ ಹಿಂದಿನವರೆಗೆ ಎಳೆದು, ಪ್ರತಿ ದೀಪಕ್ಕೂ ಅದರಿಂದಲೇ ಕವಲು ಕೊಡಿ. ಚೌಕಟ್ಟನ್ನು ವಾಹಕವಾಗಿ ನಂಬಬೇಡಿ. ವೈರಿನ ತಾಮ್ರಕ್ಕೆ ತವರದ ಲೇಪ ಇದ್ದರೆ ಒಳ್ಳೆಯದು, ಉಪ್ಪುನೀರಿನಲ್ಲಿ ಬರಿ ತಾಮ್ರ ಹೊದಿಕೆಯೊಳಗೇ ಕಪ್ಪಾಗುತ್ತಾ ಹೋಗುತ್ತದೆ.

ಜೋಡಣೆಗೆ ನನ್ನ ಕ್ರಮ ಹೀಗಿದೆ. ವೈರನ್ನು ಕತ್ತರಿಸದೆ ಮೇಲೆಯೇ ಚುಚ್ಚಿ ಕವಲು ತೆಗೆಯುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಬಳಸುವುದೇ ಇಲ್ಲ, ಅವು ಹೊದಿಕೆಯಲ್ಲಿ ಮಾಡುವ ಗಾಯದಿಂದಲೇ ನೀರು ಒಳಗಿಳಿಯುತ್ತದೆ. ತುದಿಗಳನ್ನು ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿಟ್ಟು ಇಕ್ಕಳದಿಂದ ಅದುಮಿ), ಒಳಗೆ ಅಂಟು ಸವರಿರುವ, ಶಾಖಕ್ಕೆ ಕುಗ್ಗುವ ಕೊಳವೆಯನ್ನು ಅದರ ಮೇಲೆ ಸರಿಸಿ ಬಿಸಿ ಮಾಡುತ್ತೇನೆ. ಕೊಳವೆ ಬಿಗಿದು, ಎರಡೂ ಬಾಯಿಗಳಲ್ಲಿ ಅಂಟು ಸಣ್ಣ ಉಂಗುರದಂತೆ ಉಕ್ಕಿ ನಿಂತರೆ ಜೋಡಣೆ ಮುಚ್ಚಿತೆಂದು ಅರ್ಥ. ಉಕ್ಕದಿದ್ದರೆ ಕತ್ತರಿಸಿ ಮತ್ತೆ ಮಾಡುತ್ತೇನೆ. ಚೌಕಟ್ಟಿನ ರಂಧ್ರಗಳಲ್ಲಿ ವೈರ್ ಹಾಯುವ ಕಡೆ ರಬ್ಬರ್ ಬಳೆ ಹಾಕಿ, ಕಬ್ಬಿಣದ ಅಂಚು ದಿನಗಟ್ಟಲೆ ಉಜ್ಜಿ ಹೊದಿಕೆಯನ್ನು ಕೊಯ್ಯುತ್ತದೆ.

ಬಣ್ಣಗಳಲ್ಲಿ ಮೋಸ ಹೋಗಬೇಡಿ. ಅಮೆರಿಕದ ನಾಲ್ಕು ವೈರಿನ ಚಪ್ಪಟೆ ಪ್ಲಗ್ಗಿನಲ್ಲಿ ಬಿಳಿ ಅರ್ಥಿಂಗ್, ಕಂದು ಹಿಂಬದಿ ದೀಪ, ಹಳದಿ ಎಡ ಇಂಡಿಕೇಟರ್ ಮತ್ತು ಬ್ರೇಕ್, ಹಸಿರು ಬಲದ್ದು. ಯುರೋಪಿನ ಏಳು ಪಿನ್ನಿನ ಪ್ಲಗ್ಗಿನಲ್ಲಿ ಹಳದಿ ಎಡ ಇಂಡಿಕೇಟರಿಗೆ ಮಾತ್ರ, ಹಸಿರು ಬಲ ಇಂಡಿಕೇಟರಿಗೆ ಮಾತ್ರ. ಬ್ರೇಕಿಗೆ ಪ್ರತ್ಯೇಕವಾದ ಕೆಂಪು ವೈರ್, ಹಿಂದಿನ ಮಂಜು ದೀಪಕ್ಕೆ ನೀಲಿ, ಬಲ ಹಿಂಬದಿ ದೀಪಕ್ಕೆ ಕಂದು, ಎಡಕ್ಕೆ ಕಪ್ಪು. ಬ್ರೇಕ್ ಮತ್ತು ಇಂಡಿಕೇಟರ್ ಪ್ರತ್ಯೇಕವಾಗಿರುವ ಕಾರಿಗೆ ಎರಡೂ ಒಂದೇ ಬಲ್ಬಿನಲ್ಲಿರುವ ಟ್ರೇಲರನ್ನು ಜೋಡಿಸಬೇಕಾದರೆ ನಡುವೆ ಆ ಎರಡು ಸಂಕೇತಗಳನ್ನು ಒಂದೇ ವೈರಿಗೆ ಸೇರಿಸುವ ಪರಿವರ್ತಕ ಬೇಕೇ ಬೇಕು. ಹಳೆಯ ಟ್ರೇಲರ್ ಕೊಂಡವರು ಬಣ್ಣವನ್ನು ನಂಬದೆ ಒಂದೊಂದು ವೈರನ್ನೂ ಪರೀಕ್ಷಿಸಿ, ಹಿಂದಿನ ಮಾಲೀಕರು ಕೈಗೆ ಸಿಕ್ಕ ವೈರನ್ನು ಹಾಕಿರಬಹುದು.

ಇನ್ನು ನೀರಿನ ವಿಷಯ. ಉರಿದು ಕಾದ ಬಲ್ಬ್ ತಣ್ಣೀರಿಗಿಳಿದರೆ ಗಾಜು ಬಿರಿಯುತ್ತದೆ. ದೀಪದ ಡಬ್ಬಿಯೊಳಗಿನ ಬಿಸಿ ಗಾಳಿ ಥಟ್ಟನೆ ಕುಗ್ಗುವುದರಿಂದ ಸಂದಿಗಳ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ದೋಣಿಯನ್ನು ನೀರಿಗಿಳಿಸುವ ಇಳಿಜಾರಿಗೆ ಬಂದ ಕೂಡಲೇ ಟ್ರೇಲರಿನ ಪ್ಲಗ್ ಕಿತ್ತು, ಚೌಕಟ್ಟಿನ ಮೇಲೆ ಒಣ ಜಾಗದಲ್ಲಿ ಸಿಕ್ಕಿಸಿ. ದೋಣಿಯ ಪಟ್ಟಿಗಳನ್ನು ಬಿಚ್ಚುವಷ್ಟು ಹೊತ್ತಿಗೆ ಬಲ್ಬ್ ತಣ್ಣಗಾಗಿರುತ್ತದೆ. ಪೂರ್ತಿ ಮುಚ್ಚಿದ ಎಲ್‌ಇಡಿ ದೀಪಗಳಿಗೆ ಈ ಕಾಟ ಬಹಳ ಕಡಿಮೆ. ದೀಪದ ಮೇಲೆ ಐಪಿ 67 (ಧೂಳು, ನೀರು ತಡೆಯುವ ದರ್ಜೆ) ಎಂದು ಬರೆದಿದ್ದರೆ 1 ಮೀಟರ್ ಆಳದಲ್ಲಿ 30 ನಿಮಿಷ ತಡೆಯಬಲ್ಲದು ಎಂದರ್ಥ. ಆದರೆ ಎಲ್‌ಇಡಿ ಎಳೆಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಕೆಲವು ಕಾರುಗಳು ಬಲ್ಬ್ ಸುಟ್ಟಿದೆಯೆಂದು ತಿಳಿದು ಇಂಡಿಕೇಟರನ್ನು ವೇಗವಾಗಿ ಮಿನುಗಿಸುತ್ತವೆ. ಅದಕ್ಕೆ ಎಲ್‌ಇಡಿಗೆ ಸರಿಹೊಂದುವ ರಿಲೇ (ಇಂಡಿಕೇಟರನ್ನು ಮಿನುಗಿಸುವ ಸ್ವಿಚ್ಚು) ಅಥವಾ ಬಲ್ಬಿನಷ್ಟು ವಿದ್ಯುತ್ತು ಎಳೆಯುವ ರೆಸಿಸ್ಟರ್ ಹಾಕಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಳಚಿ ತೆಗೆಯಬಹುದಾದ ದೀಪದ ಹಲಗೆ. ಎಲ್ಲ ದೀಪ, ರಿಫ್ಲೆಕ್ಟರ್, ನಂಬರ್ ಪ್ಲೇಟ್ ಒಂದೇ ಹಲಗೆಯ ಮೇಲಿರುತ್ತವೆ. ದೋಣಿ ನೀರಿಗಿಳಿಯುವ ಮುನ್ನ ಕಳಚಿ ಕಾರಿನಲ್ಲಿಟ್ಟರೆ ನೀರಿನ ಮಾತೇ ಇಲ್ಲ. ಇನ್ನೊಂದು ಲಾಭವೂ ಇದೆ: ಹಿಂದಕ್ಕೆ ಚಾಚಿದ ಎಂಜಿನ್ ಚೌಕಟ್ಟಿನ ದೀಪಗಳನ್ನು ಓರೆಯಿಂದ ಬರುವವರಿಗೆ ಮರೆಮಾಡುತ್ತದೆ, ಹಲಗೆಯನ್ನಾದರೆ ಎಂಜಿನ್ನಿಗೂ ಹಿಂದೆ ಕಟ್ಟಬಹುದು. ಆದರೆ ತೂಗಾಡದಂತೆ ಎರಡೂ ಬದಿಯಿಂದ ಬಿಗಿಯಬೇಕು.

ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಎರಡು ಹಿಂಬದಿ ದೀಪ, ಬ್ರೇಕ್ ದೀಪ, ಇಂಡಿಕೇಟರ್, ಕೆಂಪು ರಿಫ್ಲೆಕ್ಟರ್, ನಂಬರ್ ಪ್ಲೇಟಿಗೆ ಬಿಳಿ ಬೆಳಕು, ಇಷ್ಟನ್ನು ತಳಹದಿ ಎಂದುಕೊಳ್ಳಿ. ಯುರೋಪಿನ ನಿಯಮಗಳಲ್ಲಿ ಟ್ರೇಲರಿನ ಹಿಂದಿನ ರಿಫ್ಲೆಕ್ಟರ್ ತ್ರಿಕೋನವಾಗಿದ್ದು ತುದಿ ಮೇಲಕ್ಕಿರಬೇಕು. ಬ್ರಿಟನ್ನಿನಲ್ಲಿ 1980ರ ಏಪ್ರಿಲ್ 1ರಿಂದೀಚೆಗೆ ತಯಾರಾದ, 1.3 ಮೀಟರಿಗಿಂತ ಅಗಲದ ಟ್ರೇಲರಿಗೆ ಹಿಂದಿನ ಮಂಜು ದೀಪ ಕಡ್ಡಾಯ. ಅಮೆರಿಕದಲ್ಲಿ 80 ಇಂಚು ಅಥವಾ ಅದಕ್ಕಿಂತ ಅಗಲದ ಗಾಡಿಗೆ ಅಂಚುಗಳನ್ನು ತೋರಿಸುವ ಹೆಚ್ಚಿನ ದೀಪಗಳು ಬೇಕು. ದೋಣಿ ಟ್ರೇಲರಿಗೆ ಅಲ್ಲೊಂದು ರಿಯಾಯಿತಿಯಿದೆ: ಮುಂದೊಂದು ಹಿಂದೊಂದು ಹಾಕದೆ, ಪ್ರತಿ ಬದಿಯ ನಡುಭಾಗದಲ್ಲಿ ಮುಂದಕ್ಕೆ ಅಂಬರ್ (ಕಿತ್ತಳೆ ಹಳದಿ), ಹಿಂದಕ್ಕೆ ಕೆಂಪು ತೋರಿಸುವ ದೀಪ ಇಟ್ಟರೆ ಸಾಕು. ನೀವು ಓಡಿಸುವ ದೇಶದ ನಿಯಮವನ್ನು ದೀಪ ಕೊಳ್ಳುವ ಮುನ್ನವೇ ಓದಿಕೊಳ್ಳಿ, ಕೊರೆದ ರಂಧ್ರವನ್ನು ಮುಚ್ಚುವುದು ಕಷ್ಟ.

ಹೊರಡುವ ಮುನ್ನ ಹೆಂಡತಿ ಕಾರಿನಲ್ಲಿ ಕುಳಿತು ಒಂದೊಂದೇ ದೀಪ ಹಾಕುತ್ತಾಳೆ, ನಾನು ಹಿಂದೆ ನಿಂತು ಕೂಗಿ ಹೇಳುತ್ತೇನೆ. ಕೊನೆಗೆ ಹಿಂಬದಿ ದೀಪ, ಬ್ರೇಕ್, ಇಂಡಿಕೇಟರ್ ಮೂರನ್ನೂ ಒಟ್ಟಿಗೆ ಹಾಕಿಸುತ್ತೇನೆ, ಅರ್ಥಿಂಗ್ ದುರ್ಬಲವಾಗಿದ್ದರೆ ಅಲ್ಲಿಯೇ ಬಯಲಾಗುತ್ತದೆ. ಅನುಮಾನ ಬಂದರೆ ಎಲ್ಲ ಉರಿಯುತ್ತಿರುವಾಗಲೇ ವೋಲ್ಟ್ ಅಳೆಯಲು ಇಟ್ಟ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ದೀಪದ ಬಿಳಿ ವೈರಿಗೆ, ಇನ್ನೊಂದನ್ನು ಕಾರಿನ ಬ್ಯಾಟರಿಯ ಋಣ ತುದಿಗೆ ಹಿಡಿಯಿರಿ. ಮುಳ್ಳು ಸೊನ್ನೆಯ ಹತ್ತಿರವೇ ನಿಲ್ಲಬೇಕು. ಅರ್ಧ ವೋಲ್ಟ್ ದಾಟಿದರೆ ನಾನು ಪ್ಲಗ್ಗಿನಿಂದ ಆರಂಭಿಸಿ ಬಿಳಿ ವೈರಿನ ಒಂದೊಂದು ಜೋಡಣೆಯನ್ನೂ ಬಿಚ್ಚಿ ನೋಡುತ್ತಾ ಹಿಂದಕ್ಕೆ ಹೋಗುತ್ತೇನೆ.